ಗಾಜಿನ ಕೋಣೆಯ ಹ್ಯಾಂಡಲ್ಲು, ಮರದಡಿಯ ರಾಣಿ

ಹೋದ ಶ್ರಾವಣದಿಂದ ರಾಣಿ ಮರದ ಕೆಳಗೇ ಕೂತಿದ್ದಳು.

ಯಲಹಂಕದ ಪಕ್ಕದ ಸಿಂಗಾಪುರದ ಹಳೇ ಊರಿನಲ್ಲಿ ಈ ಸಂಗತಿ ಬೇರೆ ಯಾರ ನಿದ್ದೆಯನ್ನೂ ಕೆಡಿಸಿರಲಿಲ್ಲ. ಸೊಣ್ಣಮ್ಮನಿಗೆ ಮಾತ್ರ ದೀಪಕ್ಕೆ ಎಣ್ಣೆ ಬಿಡುವಾಗಲೋ, ಮುದ್ದೆ ತಿರುವುವಾಗಲೋ, ವಿದ್ಯಾರಣ್ಯಪುರದ ಬಸ್ಸಿಗೆ ಕಾದು ನಿಂತಾಗಲೋ ಇದ್ದಕ್ಕಿದ್ದಂತೆ ನೆನಪಾಗಿಬಿಡುತ್ತಿತ್ತು. ಪಾಪ, ಅವಳು ಇನ್ನೂ ಅಲ್ಲೇ ಕೂತಿದ್ದಾಳಲ್ಲ.

ಕಥೆ ಗಂಗರತ್ನಮ್ಮನದು. ಸೊಣ್ಣಮ್ಮನ ಮನೆಯಿಂದ ಎರಡು ಮನೆ ಆಚೆಗಿದ್ದ ಆ ಹಿರಿಯರು ಶ್ರಾವಣ ಶನಿವಾರಗಳಲ್ಲಿ ಪದ ಹೇಳುತ್ತಿದ್ದರು. ಅವರ ಅಪ್ಪ ಬಾಯಿಂದ ಬಾಯಿಗೆ ಕಲಿಸಿದ ಕಥೆ ಅದು. ಯಾವ ಪುಸ್ತಕದಲ್ಲೂ ಇಲ್ಲ. ಸೊಣ್ಣಮ್ಮ ಅಕ್ಷರ ಕಲಿತವಳಲ್ಲ. ಅವಳಿಗೆ ಗೊತ್ತಿದ್ದ ದೇವರು, ರಾಜ್ಯ, ಯುದ್ಧ, ತವರಿಗೆ ಬಂದ ಹೆಣ್ಣುಮಕ್ಕಳ ದುಃಖ, ಎಲ್ಲವೂ ಕಿವಿಯ ದಾರಿಯಲ್ಲೇ ಒಳಗೆ ಬಂದಿದ್ದವು. ಮದುವೆಯಾಗಿ ಈ ಊರಿಗೆ ಬಂದ ವರ್ಷದಿಂದಲೂ ಆಕೆ ಗಂಗರತ್ನಮ್ಮನ ಎದುರು, ಗೋಡೆಗೆ ಒರಗದೆ, ಸೆರಗು ಹೊದ್ದು ಕೂತು ಕೇಳುತ್ತಿದ್ದಳು. ಕೇಳುವಾಗ ಮಾತಾಡುತ್ತಿರಲಿಲ್ಲ. ಕೇಳಿದ ಮೇಲೂ ಅಷ್ಟಾಗಿ ಮಾತಾಡುತ್ತಿರಲಿಲ್ಲ.

ಈ ಪದ ಹೇಳುವುದಕ್ಕೊಂದು ಕಟ್ಟಳೆಯಿತ್ತು. ಕಥೆಯನ್ನು ಸಂಕಟದ ಜಾಗದಲ್ಲಿ ನಿಲ್ಲಿಸುವಂತಿಲ್ಲ. ಮದುವೆಗೋ, ಮಗು ಹುಟ್ಟುವುದಕ್ಕೋ, ಅದೂ ಇಲ್ಲದಿದ್ದರೆ ಹಸಿದವರು ಒಂದು ಹೊತ್ತು ಉಂಡು ಕೈತೊಳೆಯುವುದಕ್ಕಾದರೂ ತಂದು ನಿಲ್ಲಿಸಬೇಕು. ಕೇಳಿದವರು ಅದನ್ನೇ ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ಹೋಗುತ್ತಾರೆ ತಾನೆ. ಹಾಗೆಯೇ, ಕಥೆಯವರು ಸಂಕಟದಲ್ಲಿರುವಾಗ ಕೇಳುವವರು ಯಾರೂ ಎದ್ದು ಹೋಗಬಾರದು; ಅವರನ್ನು ನಡುದಾರಿಯಲ್ಲಿ ಬಿಟ್ಟು ಎದ್ದಂತೆ.

ಹೋದ ಶ್ರಾವಣದ ಕೊನೆಯ ಶನಿವಾರ ರಾಜ ರಾಣಿ ಇಬ್ಬರೂ ಕಾಡು ಪಾಲಾಗಿದ್ದರು. ರಾಣಿಗೆ ಬಾಯಾರಿತು. ಗಂಗರತ್ನಮ್ಮ ಎಳೆದು ಹಾಡಿದರು:

ನೀರ ತರುವೆನು ಕುಳಿತಿರೆಂದವ
ದೂರ ನಡೆದನು ಮರದ ನೆಳಲಲಿ
ದಾರಿ ಕಾಯುತ ಕುಳಿತಳಾಕೆಯು ಕಣ್ಣ ಮುಚ್ಚಿದಳು

ಅಷ್ಟೇ. ಕೆಮ್ಮು ಬಂತು. ನೀರು ಕುಡಿದರೂ ನಿಲ್ಲಲಿಲ್ಲ, ಬೆಲ್ಲ ಚಪ್ಪರಿಸಿದರೂ ನಿಲ್ಲಲಿಲ್ಲ. ಆಮೇಲೆ ಆಸ್ಪತ್ರೆ, ಗಂಟಲಿನ ಆಪರೇಷನ್ನು, ತಿಂಗಳುಗಟ್ಟಲೆ ಸನ್ನೆಯಲ್ಲೇ ಸಂಸಾರ. ಈ ಶ್ರಾವಣಕ್ಕೆ ಸ್ವಲ್ಪ ಬಾಯಿಬಿಡಬಹುದು ಎಂದು ಡಾಕ್ಟರು ಹೇಳಿದರು. ಬಂದ ಧ್ವನಿ ಮಾತ್ರ ಹಳೆಯ ಧ್ವನಿಯ ನೆರಳಿನಷ್ಟಿತ್ತು. ಒಲೆಯ ಮೇಲಿನ ಹಾಲು ಉಕ್ಕುವ ಮುಂಚೆ ಮಾಡುವ ಸದ್ದಿನಷ್ಟು.

ಸದ್ದಿಗೆ ಆ ಬೀದಿಯಲ್ಲಿ ಬರವಿರಲಿಲ್ಲ. ಪಕ್ಕದ ಸೈಟಿನಲ್ಲಿ ನಾಲ್ಕು ಅಂತಸ್ತು ಏಳುತ್ತಿತ್ತು, ಟೈಲ್ಸ್ ಕೊಯ್ಯುವ ಮಿಷನ್ನು ಬೆಳಿಗ್ಗೆ ಬಾಯಿ ತೆರೆದರೆ ಸಂಜೆ ಮುಚ್ಚುವುದು. ಅದು ಸುಮ್ಮನಾದ ಗಳಿಗೆಯಲ್ಲಿ ಯಲಹಂಕದ ಕಡೆಯಿಂದ ವಿಮಾನವೊಂದು ಎದ್ದು ಮನೆಯ ಪಾತ್ರೆಗಳನ್ನೆಲ್ಲ ಮಾತಾಡಿಸಿ ಹೋಗುವುದು. ಮೈಕು ತರಿಸುತ್ತೇವೆ ಎಂದರೆ ಗಂಗರತ್ನಮ್ಮ ಒಪ್ಪಲಿಲ್ಲ. ಮೈಕಿನಲ್ಲಿ ಬರುವುದು ಕರೆಂಟಿನ ಧ್ವನಿ, ನನ್ನದಲ್ಲ ಎಂದರು.

ಆಗ ಸೊಣ್ಣಮ್ಮನಿಗೆ ಹಿತ್ತಿಲಿನ ಗಾಜಿನ ಕೋಣೆ ಹೊಳೆಯಿತು.

ಅದು ಸೊಸೆ ನಯನಾಳ ಆಸೆಯ ಕೋಣೆ. ಹೆಸರಘಟ್ಟದ ಒಂದು ನರ್ಸರಿಯಲ್ಲಿ ಕೆಲಸ ಮಾಡುವ ನಯನಾಳಿಗೆ ಗಾಳಿ ಬೀಸಿದರೆ ಮುನಿಸಿಕೊಳ್ಳುವ ಗಿಡಗಳ ಮೇಲೆ ಪ್ರೀತಿ. ಹಿಂದೆ ದನದ ಕೊಟ್ಟಿಗೆ ಇದ್ದ ಜಾಗದಲ್ಲೇ, ಅದೇ ಕಲ್ಲುಚಪ್ಪಡಿಯ ಮೇಲೆ, ಬಿಳಿ ಚೌಕಟ್ಟು ನಿಲ್ಲಿಸಿ, ಎರಡೆರಡು ಪದರದ ಗಾಜು ಕೂರಿಸಿ, ಎರಡು ರೆಕ್ಕೆಯ ಗಾಜಿನ ಬಾಗಿಲು ಇಡಿಸಿದ್ದಳು. ಸೊಣ್ಣಮ್ಮನ ಗಂಡ ಚಿಕ್ಕಬೈರಪ್ಪ, ಗಿಡಕ್ಕೂ ಮನೆ ಕಟ್ಟಿಸುವ ಕಾಲ ಬಂತು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಕೋಣೆ ಮುಗಿದ ಮಾರನೆಯ ದಿನದಿಂದ ಮಧ್ಯಾಹ್ನದ ನಿದ್ದೆಗೆ ಅಲ್ಲೇ ಚಾಪೆ ಹಾಸಿದ.

ಆ ಬಾಗಿಲಿನ ಗುಣ ಸೊಣ್ಣಮ್ಮನಿಗೆ ಗೊತ್ತಿತ್ತು. ಹೊಸತರಲ್ಲಿ ಒಳಗೆ ಹೋಗಿ ಹ್ಯಾಂಡಲ್ಲನ್ನು ಮೇಲಕ್ಕೆತ್ತಿದರೆ ಬಾಗಿಲು ತನ್ನನ್ನು ತಾನೇ ಎಳೆದುಕೊಂಡು ರಬ್ಬರಿಗೆ ಅಂಟಿಕೊಳ್ಳುತ್ತಿತ್ತು. ಹೊರಗಿನ ಗದ್ದಲದ ಮೇಲೆ ಯಾರೋ ಕಂಬಳಿ ಹೊದಿಸಿದಂತೆ ಆಗಿಬಿಡುತ್ತಿತ್ತು. ಆದರೆ ಈಗ ಎರಡೂ ಹ್ಯಾಂಡಲ್ಲುಗಳು ಸೋತಿದ್ದವು. ಮುಪ್ಪಾದ ಎತ್ತಿನ ಕಿವಿಗಳ ಹಾಗೆ ಕೆಳಗೆ ಜೋತುಬಿದ್ದಿದ್ದವು. ಎತ್ತಿದರೆ ಎದ್ದು, ಬಿಟ್ಟರೆ ಬೀಳುತ್ತಿದ್ದವು. ಬಾಗಿಲು ಸದಾ ಒಂದಿಷ್ಟು ಬಾಯಿ ಬಿಟ್ಟುಕೊಂಡೇ ಇರುತ್ತಿತ್ತು.

ಆದರೂ ಒಂದು ಶನಿವಾರ ಪ್ರಯತ್ನ ಮಾಡಿದ್ದಾಯಿತು. ಬಾಗಿಲಿಗೆ ರುಬ್ಬುಗುಂಡು ಒತ್ತಿಟ್ಟು ಕೂತರು. ಗಂಗರತ್ನಮ್ಮ ಹೇಳಿದರು, ಎದುರಿಗೆ ಕೂತವರು ತಲೆಯಾಡಿಸಿದರು, ಯಾರಿಗೂ ಏನೂ ಕೇಳಿಸಲಿಲ್ಲ. ನಯನಾ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದಳು. ಆಮೇಲೆ ಹಾಕಿ ನೋಡಿದರೆ ಅದರಲ್ಲಿ ಟೈಲ್ಸ್ ಮಿಷನ್ನೇ ಸೊಗಸಾಗಿ ಹಾಡಿತ್ತು. ಗಂಗರತ್ನಮ್ಮ ಅದನ್ನು ಕೊನೆಯವರೆಗೂ ಕೇಳಿದರು. ನಗಲೂ ಇಲ್ಲ, ಬೇಸರವನ್ನೂ ತೋರಿಸಲಿಲ್ಲ. ಎದ್ದು ಹೋಗುವಾಗ ಸೊಣ್ಣಮ್ಮನ ಕೈಹಿಡಿದು ಪಿಸುಗುಟ್ಟಿದರು.

"ಬರೋ ಶನಿವಾರ ಶ್ರಾವಣದ ಕೊನೇದು. ಅವತ್ತು ಒಂದ್ ಸಲ ಕೂತ್ಕೋತೀನಿ ಕಣಮ್ಮ. ಆಗ್ಲೂ ನಿಮ್ ಕಿವಿಗೆ ಬೀಳ್ನಿಲ್ಲ ಅಂದ್ರೆ ಇನ್ ನಾನು ಪದದ ತಂಟೆಗೆ ಓಗಾಕಿಲ್ಲ. ದೇವ್ರು ಕೊಟ್ಟಿದ್ದು ಇಷ್ಟೇ ಅನ್ಕೋತೀನಿ."

ಸೊಣ್ಣಮ್ಮ ಅವರನ್ನು ಮನೆ ಮುಟ್ಟಿಸಿ ಬಂದಳು. ಬಂದವಳು ಗಾಜಿನ ಬಾಗಿಲಿನ ಮುಂದೆ ನಿಂತು ಜೋತುಬಿದ್ದ ಹ್ಯಾಂಡಲ್ಲನ್ನು ನೋಡುತ್ತಲೇ ಇದ್ದಳು. ರಾಣಿಯ ಗತಿ ಈಗ ಇದರ ಕೈಯಲ್ಲಿತ್ತು. ಬಾಗಿಲು ಮುಚ್ಚದಿದ್ದರೆ ರಾಜ ನೀರು ತರುವುದಿಲ್ಲ. ಅವನು ನೀರು ತರುವ ದಾರಿ ಗೊತ್ತಿದ್ದದ್ದು ಲೋಕದಲ್ಲಿ ಒಬ್ಬರೇ ಒಬ್ಬರಿಗೆ.

ಹ್ಯಾಂಡಲ್ಲು ಬದಲಾಯಿಸಬೇಕು ಎಂದು ಅವಳು ಊಟದ ಹೊತ್ತಿಗೆ ಹೇಳಿದಾಗ ಮನೆಯವರೆಲ್ಲ ತಲೆ ಎತ್ತಿದರು. ಸೊಣ್ಣಮ್ಮ ಏನನ್ನಾದರೂ ಬೇಕು ಎಂದು ಕೇಳಿದ್ದೇ ಅಪರೂಪ. ನಯನಾ ಆ ಕೋಣೆ ಮಾಡಿದವರಿಗೇ ಫೋನ್ ಮಾಡುತ್ತೇನೆ ಎಂದಳು. ಮಾಡಿದಳು ಕೂಡ, ಗೌರಿ ಹಬ್ಬ ಕಳೆದ ಮೇಲೆ ಬರುತ್ತೇವೆ ಎಂಬ ಉತ್ತರ ಬಂತು. ಚಿಕ್ಕಬೈರಪ್ಪ ತಟ್ಟೆಯಲ್ಲೇ ಕೈ ತೊಳೆದು ಮೀಸೆ ಒರೆಸಿಕೊಂಡ. ಒಂದು ಹಿಡಿ ಕೂರಿಸುವುದಕ್ಕೆ ಹಬ್ಬದವರೆಗೆ ಕಾಯಬೇಕೆ, ನೇಗಿಲಿಗೆ ಹಿಡಿ ಕೂರಿಸಿದ ಕೈ ಇದು ಎಂದ. ಗುರುವಾರ ಸ್ಕೂಟರು ಹತ್ತಿ ಯಲಹಂಕ ಹಳೇ ಪೇಟೆಯ ಅಕ್ಬರ್ ಪಾಷಾನ ಹಾರ್ಡ್‌ವೇರ್ ಅಂಗಡಿಗೆ ಹೋದ.

ಚಿಕ್ಕಬೈರಪ್ಪನಿಗೆ ಟೇಪು ಹಿಡಿದು ಅಳೆಯುವುದು ಅವಮಾನದ ಕೆಲಸ. ದ್ರಾಕ್ಷಿ ಚಪ್ಪರದ ಕಂಬದಿಂದ ಹಿಡಿದು ಮಗನ ಮದುವೆಯ ಚಪ್ಪರದವರೆಗೆ ಎಲ್ಲವನ್ನೂ ಗೇಣು, ಬೆರಳುಗಳಲ್ಲೇ ಮುಗಿಸಿದವನು. ಹ್ಯಾಂಡಲ್ಲಿನ ಸರಳು ತೂರುವ ತೂತಿಗೂ ಕೀಲಿ ತೂತಿಗೂ ನಡುವೆ ಎಷ್ಟು ಜಾಗ ಎಂದು ಪಾಷಾ ಕೇಳಿದಾಗ, ನಾಲ್ಕು ಬೆರಳು ಎಂದ. ಪಾಷಾ ತನ್ನ ನಾಲ್ಕು ಬೆರಳಿಟ್ಟು ನೋಡಿ ಒಂದು ಜೊತೆ ಕೊಟ್ಟ. ಇವನದು ಗುದ್ದಲಿ ಹಿಡಿದು ಅಗಲವಾದ ಬೆರಳು, ಅವನದು ಮೊಳೆ ಎಣಿಸಿ ಸಪೂರವಾದ ಬೆರಳು. ಮನೆಗೆ ತಂದು ಇಟ್ಟು ನೋಡಿದರೆ ಮೇಲಿನ ತೂತು ಸರಿಯಾದಾಗ ಕೀಲಿ ತೂತು ಮುಚ್ಚಿಹೋಯಿತು, ಕೀಲಿ ತೂತು ಸರಿಯಾದಾಗ ಸರಳು ಬಾಗಿಲಿಗೆ ಹೋಗಿ ಗುದ್ದಿತು.

ಚಿಕ್ಕಬೈರಪ್ಪ ಬಾಗಿಲಿನದೇ ತಪ್ಪು ಎಂದ. ಸೊಣ್ಣಮ್ಮ ವಾದಕ್ಕೆ ಹೋಗಲಿಲ್ಲ. ಸ್ಕ್ರೂಡ್ರೈವರ್ ಅವನ ಕೈಗೆ ಕೊಟ್ಟು, ಹಳೆಯದನ್ನೇ ಕಳಚಿಕೊಡಿ, ಅದನ್ನೇ ತೋರಿಸಿ ತರೋಣ ಎಂದಳು. ಹಳೇ ಹ್ಯಾಂಡಲ್ಲನ್ನು ಟವೆಲ್ಲಿನಲ್ಲಿ ಸುತ್ತಿ, ಕೂಸಿನಂತೆ ಮಡಿಲಲ್ಲಿಟ್ಟುಕೊಂಡು, ಶುಕ್ರವಾರ ಬೆಳಿಗ್ಗೆ ಗಂಡನ ಸ್ಕೂಟರಿನ ಹಿಂದೆ ಕೂತಳು. ಅಟ್ಟೂರು ದಾಟುವವರೆಗೂ ಅವನು ಬೆರಳಿನ ಅಳತೆಯ ಹಿರಿಮೆಯನ್ನೇ ಹೇಳುತ್ತಿದ್ದ. ಅವಳು ಮಡಿಲನ್ನು ಭದ್ರವಾಗಿ ಹಿಡಿದು ಕೂತಿದ್ದಳು.

ಅಂಗಡಿಯಲ್ಲಿ ಪಾಷಾ ಟವೆಲ್ಲು ಬಿಡಿಸಿ ಹ್ಯಾಂಡಲ್ಲನ್ನು ಬೆಳಕಿಗೆ ಹಿಡಿದ. ಹೊಳೆಯುವ ಚಿನ್ನದ ಬಣ್ಣದ್ದಾಗಿದ್ದ ಅದು ಈಗ ತೊನ್ನು ಹಿಡಿದಂತೆ ಅಲ್ಲಲ್ಲಿ ಬೂದಿ ಬಣ್ಣವಾಗಿತ್ತು. ಅಲುಗಾಡಿಸಿದರೆ ಒಳಗಿನ ಸ್ಪ್ರಿಂಗಿನಿಂದ ತುಕ್ಕಿನ ಪುಡಿ ಉದುರಿತು. ಪಾಷಾ ಅದನ್ನು ಮೂಸಿಯೂ ನೋಡಿದ.

"ಅಣ್ಣಾ, ನಿಮ್ ಮನೆ ಸಿಂಗಾಪುರದಾಗೆ ಐತಾ, ಸಮುದ್ರದ್ ಒಳಗೆ ಐತಾ? ಇಂಥಾ ತುಕ್ಕು ನಾನು ಮಂಗ್ಳೂರಿಂದ ಬರೋ ಮಾಲ್‌ನಾಗೇ ನೋಡಿದ್ದು."

ಚಿಕ್ಕಬೈರಪ್ಪ ಹೆಂಡತಿಯ ಕಡೆ ನೋಡಿದ. ಸೊಣ್ಣಮ್ಮ ಗೋಡೆಗೆ ನೇತುಹಾಕಿದ್ದ ಬೀಗಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

"ಸಮುದ್ರ ಇಲ್ಲೇ ನಿಂತೈತೆ ನೋಡು," ಎಂದ ಚಿಕ್ಕಬೈರಪ್ಪ. "ವಾರ ವಾರ ಉಣಿಸೇಹಣ್ಣು, ಉಪ್ಪು ಆಕಿ ತಿಕ್ಕಿದ್ರೆ ಇನ್ನೇನ್ ಆಗ್ತದೆ."

ನಿಜ. ಗಾಜಿನ ಕೋಣೆಯಲ್ಲಿ ನಯನಾ ಒಂದು ತುಳಸಿಯನ್ನೂ ಇಟ್ಟಿದ್ದಳು. ತುಳಸಿ ಇರುವ ಕೋಣೆ ಎಂದ ಮೇಲೆ ಅದರ ಹೊಸಿಲಿಗೆ ಅರಿಶಿನ, ಬಾಗಿಲಿಗೆ ಕುಂಕುಮ ಬಿದ್ದವು. ಹ್ಯಾಂಡಲ್ಲು ಮಿರಮಿರ ಮಿಂಚುತ್ತಿತ್ತು. ಹಿತ್ತಾಳೆಯಲ್ಲದೆ ಅದು ಇನ್ನೇನು ಎಂದು ಸೊಣ್ಣಮ್ಮ ತಿಳಿದಿದ್ದಳು. ಶುಕ್ರವಾರ ದೇವರ ದೀಪಗಳಿಗೆ ಸಲ್ಲುವ ಸೇವೆಯೆಲ್ಲ ಅದಕ್ಕೂ ಸಂದಿತ್ತು. ಮಿಂಚು ಕಡಿಮೆಯಾದಷ್ಟೂ ಅವಳು ಇನ್ನಷ್ಟು ಹುಣಸೆಹಣ್ಣು ಹಾಕಿ ಉಜ್ಜಿದ್ದಳು.

"ಇತ್ತಾಳೆ ಅನ್ಕಂಡೆ ಕಣಪ್ಪ," ಎಂದಳು ಮೆಲ್ಲಗೆ.

ಪಾಷಾ ನಗೆಯನ್ನು ತಡೆಯಲು ಹೋಗಿ ಕೆಮ್ಮಿದ. ಆಮೇಲೆ, ತನ್ನ ತಾಯಿ ಫಖ್ರುನ್ನೀಸಾ ಮನೆಯ ಪ್ಲಾಸ್ಟಿಕ್ ನಲ್ಲಿಗೂ ಈದ್ ಬಂದಾಗಲೆಲ್ಲ ಹುಣಸೆಹಣ್ಣು ಉಜ್ಜುತ್ತಾಳೆ, ಬೇಸರ ಮಾಡಿಕೊಳ್ಳಬೇಡಿ ಅಕ್ಕಾ ಎಂದು ಸಮಾಧಾನ ಹೇಳಿದ. ಹ್ಯಾಂಡಲ್ಲನ್ನು ಇಟ್ಟು, ಅಳೆದು, ಅದೇ ಅಳತೆಯ ಸ್ಟೀಲಿನ ಎರಡು ಜೊತೆ ತೆಗೆದ. ಇದಕ್ಕೆ ಒದ್ದೆ ಬಟ್ಟೆಯೊಂದು ಸಾಕು ಎಂದು ಅವಳಿಗೆ ಹೇಳಿದ. ಚಿಕ್ಕಬೈರಪ್ಪನಿಗೆ ಇನ್ನೊಂದು ಮಾತು ಹೇಳಿದ: ಇದು ಹೊಸ ಮಾದರಿ, ಒಳಗಿನಿಂದ ಯಾರು ಬೇಕಾದರೂ ತೆಗೆಯಬಹುದು, ಹೊರಗಿನಿಂದ ಕೀಲಿ ಹಾಕದೆ ಬಾಗಿಲು ತೆಗೆಯುವುದಿಲ್ಲ, ಹಿಡಿ ಸುಮ್ಮನೆ ಆಡುತ್ತದೆ ಅಷ್ಟೆ. ಹಿತ್ತಿಲ ಬಾಗಿಲಿಗೆ ಇದಕ್ಕಿಂತ ಒಳ್ಳೆಯದು ಬೇಕೆ ಎಂದು ಚಿಕ್ಕಬೈರಪ್ಪ ಹಿಗ್ಗಿದ. ಕಳ್ಳ ಬಂದು ತಿರುಗಿಸಿ ತಿರುಗಿಸಿ ಕೈಸೋತು ಹೋಗುವುದನ್ನು ದಾರಿಯುದ್ದಕ್ಕೂ ಅಭಿನಯಿಸಿದ. ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಳ್ಳಿ ಎಂದು ಸೊಣ್ಣಮ್ಮ ಎರಡು ಸಲ ಹೇಳಬೇಕಾಯಿತು.

ಮಧ್ಯಾಹ್ನ ಊಟ ಮುಗಿಸಿ ಅವನು ಕೆಲಸಕ್ಕೆ ಕೂತ. ಒಳಗಿನ ಸ್ಕ್ರೂಗಳನ್ನು ಬಿಚ್ಚಿ, ಹೊಸ ಹಿಡಿಯ ಚೌಕ ಸರಳನ್ನು ತೂರಿಸಿ, ಆಚೆ ಬದಿಯಲ್ಲಿ ಸೊಣ್ಣಮ್ಮ ಹಿಡಿದುಕೊಳ್ಳಬೇಕು, ಈಚೆಯಿಂದ ಅವನು ಬಿಗಿಯಬೇಕು. ಗಾಜಿನ ಎರಡು ಬದಿಗೆ ಗಂಡ ಹೆಂಡತಿ ಎದುರುಬದುರು ನಿಂತರು. ಮೇಲೆ ಎಂದು ಅವನು ಸನ್ನೆ ಮಾಡಿದರೆ ಅವಳು ಕೆಳಗೆ ಮಾಡಿದಳು. ಒಂದು ಸ್ಕ್ರೂ ಉರುಳಿ ಆಂಥೂರಿಯಂ ಕುಂಡದೊಳಗೆ ಬಿದ್ದು, ಅದನ್ನು ಹುಡುಕಲು ಮಣ್ಣು ಕೆದಕಿದ್ದನ್ನು ನಯನಾಳಿಗೆ ಹೇಳಬಾರದೆಂದು ಇಬ್ಬರೂ ಒಪ್ಪಂದ ಮಾಡಿಕೊಂಡರು. ಮೊದಲ ರೆಕ್ಕೆಯ ಹಿಡಿ ತಲೆಕೆಳಗಾಗಿ ಕೂತಿತು. ಬಿಚ್ಚಿ ಮತ್ತೆ ಕೂರಿಸಿದರು. ಬಿಸಿಲು ಸೀತಾಫಲದ ಗಿಡದ ಆಚೆಗೆ ಇಳಿಯುವ ಹೊತ್ತಿಗೆ ಎರಡೂ ಬಿಗಿಯಾದವು.

ಒಳಗಿದ್ದ ಚಿಕ್ಕಬೈರಪ್ಪ ಹೆಂಡತಿಯನ್ನು ಒಳಕ್ಕೆ ಕರೆದು ಬಾಗಿಲು ಎಳೆದ. ಹಿಡಿಯನ್ನು ಮೇಲಕ್ಕೆತ್ತಿದ. ಟಕ್ ಎಂದಿತು.

ಟೈಲ್ಸ್ ಮಿಷನ್ನು ಎಲ್ಲಿಗೋ ಹೊರಟುಹೋಯಿತು. ಬೀದಿ ಹೋಯಿತು, ಬೀದಿಯ ನಾಯಿ ಹೋಯಿತು, ಸೊಪ್ಪಿನ ಗಾಡಿಯ ಧ್ವನಿವರ್ಧಕ ಹೋಯಿತು. ಉಳಿದದ್ದು ಜರೀಗಿಡದ ಎಲೆಯಿಂದ ತಟ್ಟೆಗೆ ಬೀಳುತ್ತಿದ್ದ ನೀರಿನ ತಟಕು, ಮತ್ತು ಕೆಲಸ ಮಾಡಿ ದಣಿದ ಗಂಡನ ಉಸಿರು. ಇಷ್ಟು ವರ್ಷದಲ್ಲಿ ಅವನ ಉಸಿರಿಗೆ ಇಂಥದೊಂದು ಸಣ್ಣ ಸಿಳ್ಳೆ ಇದೆಯೆಂದು ಸೊಣ್ಣಮ್ಮನಿಗೆ ಗೊತ್ತೇ ಇರಲಿಲ್ಲ.

"ಎಂಗೆ?" ಎಂದ ಅವನು.

"ಏನೋ ಒಂದ್ ಮಾಡಿದೀರ," ಎಂದಳು. ಅವಳ ಬಾಯಿಂದ ಅಷ್ಟು ಬಂದರೆ ಅದು ಸನ್ಮಾನ.

ಹೊಸ ವಸ್ತು ಮನೆಗೆ ಬಂದರೆ ಮೊದಲು ದೇವರಿಗೆ ತೋರಿಸಬೇಕು. ಹಿಡಿಗಳಂತೂ ಬಾಗಿಲಿಗೆ ಕೂತಾಗಿತ್ತು, ಕೀಲಿಗೊಂಚಲು ಇತ್ತು. ಸೊಣ್ಣಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವು ಏರಿಸಿ, ಹಿತ್ತಾಳೆ ತಟ್ಟೆಯಲ್ಲಿಟ್ಟಳು. ಶನಿವಾರ ಗಾಜಿನ ಕೋಣೆಗೆ ವೆಂಕಟರಮಣನ ಪಟವನ್ನು ತಂದು ಮಣೆಯ ಮೇಲೆ ಕೂರಿಸಿದಾಗ ಆ ತಟ್ಟೆಯೂ ಪಟದ ಮುಂದೆ ಬಂದು ಕೂತಿತು. ಮಂಗಳಾರತಿ ಆಗುವವರೆಗೆ ಕೀಲಿ ಮುಟ್ಟುವ ಹಾಗಿಲ್ಲ ಎಂದು ಅವಳೇ ಎಲ್ಲರಿಗೂ ಹೇಳಿದ್ದಳು.

ಹೆಂಗಸರು ಬಂದರು. ಕುಂಡಗಳನ್ನು ಸರಿಸಿ ಚಾಪೆ ಹಾಸಿತ್ತು. ನಯನಾ ರಜೆ ಹಾಕಿ ಗಂಗರತ್ನಮ್ಮನನ್ನು ಕೈಹಿಡಿದು ಕರೆತಂದಳು. ಪಟಾಲಮ್ಮ ಎಂಬ ನೆಂಟರಾಕೆ, ಮಾತಿಗೆ ಮೊದಲು ನಗುವವಳು, ಬರುತ್ತಲೇ ಆರ್ಕಿಡ್ ಹೂವಿನ ಕೆಳಗೆ ಜಾಗ ಹಿಡಿದು, ಮದುವೆ ಛತ್ರದ ಸ್ಟೇಜಿನ ಮೇಲೆ ಕೂತಂತಿದೆ ಎಂದಳು. ಗಂಗರತ್ನಮ್ಮ ಮಣೆಯ ಪಕ್ಕದಲ್ಲಿ ಕೂತು ಕಣ್ಣುಮುಚ್ಚಿದರು. ಅವರ ಕತ್ತಿನ ಮೇಲಿನ ಹೊಲಿಗೆಯ ಗುರುತು ಉಸಿರಿನ ಜೊತೆ ಮೇಲೆ ಕೆಳಗೆ ಆಡುತ್ತಿತ್ತು. ಸೊಣ್ಣಮ್ಮ ಅದರಿಂದ ಕಣ್ಣು ತೆಗೆಯಲಾರದೆ ಕೂತಳು.

ಪಾನಕ ಅಡುಗೆಮನೆಯಲ್ಲೇ ಉಳಿದಿದೆ ಎಂದು ಅವಳಿಗೆ ನೆನಪಾದದ್ದು ಆಗಲೇ. ಬಾಗಿಲ ಬಳಿ ನಿಂತಿದ್ದ ಗಂಡನಿಗೆ ಕಣ್ಣಲ್ಲೇ ಹೇಳಿದಳು. ಅವನಿಗೆ ಹೇಗಿದ್ದರೂ ಪದ ಕೇಳುವುದಕ್ಕಿಂತ ಓಡಾಟ ಇಷ್ಟ, ಹೊರಟ. ಪಟಾಲಮ್ಮ ಹಿಂದೆಯೇ ಬಾಗಿಲು ಎಳೆದು, ಹೊಸ ಹಿಡಿಯ ಸುದ್ದಿ ಬೀದಿಗೆಲ್ಲ ತಿಳಿದಿದ್ದರಿಂದ, ತಾನೂ ಒಂದು ಸಲ ಮೇಲಕ್ಕೆತ್ತಿ ಟಕ್ ಎನ್ನಿಸಿ ಬಂದು ಕೂತಳು.

ಗಂಗರತ್ನಮ್ಮ ಬಾಯಿ ತೆರೆದರು.

ನೀರ ತರುವೆನು ಎಂಬಲ್ಲಿಂದಲೇ ಎತ್ತಿಕೊಂಡರು. ಧ್ವನಿ ಸಣ್ಣದು. ಆದರೆ ಅಕ್ಷರ ಅಕ್ಷರವೂ ನುಣುಪಾಗಿ, ತೊಳೆದ ಅಕ್ಕಿಯ ಹಾಗೆ ಬೇರೆ ಬೇರೆಯಾಗಿ ಬಂತು. ಹಿಂದಿನ ಸಾಲಿನವರೂ ಮುಂದಕ್ಕೆ ಬಾಗಬೇಕಾಗಲಿಲ್ಲ. ಗಂಗರತ್ನಮ್ಮ ಒಂದು ಪದ ಮುಗಿಸಿ ಕಣ್ಣುಬಿಟ್ಟು ಎಲ್ಲರ ಮುಖ ನೋಡಿದರು. ಯಾರೂ ಸುಳ್ಳಿಗೆ ತಲೆಯಾಡಿಸುತ್ತಿರಲಿಲ್ಲ. ಸೊಣ್ಣಮ್ಮನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಅದನ್ನು ಕಂಡು ಅವರು ಕೂತಲ್ಲೇ ಸ್ವಲ್ಪ ಎತ್ತರವಾದರು.

ರಾಣಿ ಕಣ್ಣುಮುಚ್ಚಿ ಕೂತಿದ್ದಾಳೆ. ಅವನು ಬಂದು ಕರೆಯುವವರೆಗೆ ಕಣ್ಣು ತೆರೆಯುವುದಿಲ್ಲ ಎಂದು ಹಠ. ಹಾವು ಬಂದು ಹೋಯಿತು, ತೆರೆಯಲಿಲ್ಲ. ಮಾಯೆಯವನೊಬ್ಬ ರಾಜನ ದನಿಯಲ್ಲೇ ಮಾತಾಡಿಸಿದ, ತೆರೆಯಲಿಲ್ಲ. ಇತ್ತ ರಾಜ ಕೆರೆ ಹುಡುಕಿ, ತಾವರೆ ಎಲೆಯಲ್ಲಿ ನೀರು ಹಿಡಿದು, ತುಳುಕದಂತೆ ಕಲ್ಲುಮುಳ್ಳಿನಲ್ಲಿ ಹೆಜ್ಜೆ ಇಡುತ್ತಿದ್ದಾನೆ.

ಆ ಹೊತ್ತಿಗೆ ಸರಿಯಾಗಿ, ಗಂಗರತ್ನಮ್ಮನ ಹೆಗಲಾಚೆ, ಗಾಜಿನ ಹೊರಗೆ ಚಿಕ್ಕಬೈರಪ್ಪ ಪ್ರತ್ಯಕ್ಷನಾದ.

ಪಾನಕದ ಸ್ಟೀಲು ಬಿಂದಿಗೆಯನ್ನು ಎದೆಗವಚಿಕೊಂಡು, ಅದು ಚೆಲ್ಲದಂತೆ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಬಂದ. ಮೊಣಕೈಯಿಂದ ಹಿಡಿಯನ್ನು ಒತ್ತಿದ. ಹಿಡಿ ಕೆಳಗೆ ಹೋಗಿ ಮೇಲೆ ಬಂತು. ಬಾಗಿಲು ಅಲುಗಲಿಲ್ಲ. ಇನ್ನೊಂದು ರೆಕ್ಕೆಯ ಹಿಡಿ ಒತ್ತಿದ. ಅದೂ ಹಾಗೆಯೇ. ಅವನ ಮುಖದಲ್ಲಿ ಏನೋ ನಿಧಾನವಾಗಿ ಹೊಳೆಯಿತು. ಕಳ್ಳನ ಅಭಿನಯವನ್ನು ಅವನೇ ಈಗ ನಿಜವಾಗಿ ಆಡುತ್ತಿದ್ದ. ಕೀಲಿ ಎಲ್ಲಿ ಎಂದು ಬೆರಳು ತಿರುಗಿಸಿ ಕೇಳಿದ. ಸೊಣ್ಣಮ್ಮ ಕಣ್ಣಿನಲ್ಲೇ ದೇವರ ಪಟದ ಕಡೆ ತೋರಿಸಿದಳು. ಕೀಲಿ ಹೂವು ಮುಡಿದು ವೆಂಕಟರಮಣನ ಪಾದದಲ್ಲಿ ಕೂತಿತ್ತು.

ಎದ್ದು ಹೋಗಿ ಬಾಗಿಲು ತೆಗೆಯುವುದು ಎರಡು ಹೆಜ್ಜೆಯ ಕೆಲಸ. ಆದರೆ ರಾಣಿ ಸಂಕಟದಲ್ಲಿದ್ದಳು. ಈಗ ಏಳುವಂತಿಲ್ಲ. ಬಾಗಿಲು ತೆರೆದರೆ ಸಾಕು, ಹೊರಗಿನದೆಲ್ಲ ಒಳಗೆ ನುಗ್ಗಿ ಆ ಎಳೆಯಷ್ಟು ಧ್ವನಿ ಕಡಿದುಹೋಗುತ್ತದೆ. ಒಮ್ಮೆ ಕಡಿದರೆ ಗಂಗರತ್ನಮ್ಮ ಮತ್ತೆ ಎತ್ತಿಕೊಳ್ಳಲಾರರು. ವರ್ಷವೆಲ್ಲ ಕಾದದ್ದು ಇದಕ್ಕೆ. ಸೊಣ್ಣಮ್ಮ ಕೈಯನ್ನು ಮಡಿಲಲ್ಲಿ ಹಾಗೇ ಒತ್ತಿಹಿಡಿದಳು. ಗಂಡನಿಗೆ ಅಂಗೈ ತೋರಿಸಿದಳು, ನಿಲ್ಲಿ ಎಂದು.

ಚಿಕ್ಕಬೈರಪ್ಪ ನಿಂತ. ಬಿಂದಿಗೆ ಭಾರವಿತ್ತು. ಕೆಳಗಿಡೋಣವೆಂದರೆ ದೇವರಿಗೆ ಮೀಸಲಿನ ಪಾನಕವನ್ನು ನೆಲಕ್ಕಿಟ್ಟರೆ ಹೆಂಡತಿ ಏನೆನ್ನುತ್ತಾಳೆಂದು ಅವನಿಗೆ ಗೊತ್ತಿತ್ತು. ಎಡ ಸೊಂಟದಿಂದ ಬಲ ಸೊಂಟಕ್ಕೆ ಬದಲಾಯಿಸಿದ. ಒಂದು ನೊಣ ಬಂದು ಮೂಗಿನ ಮೇಲೆ ಕೂತಿತು, ಊದಿ ಓಡಿಸಿದ. ಕುತೂಹಲ ತಡೆಯದೆ ಗಾಜಿಗೆ ಕಿವಿ ಅಂಟಿಸಿದ. ಕಿವಿ ಚಪ್ಪಟೆಯಾಗಿ ಒಳಗಿನವರಿಗೆ ದೋಸೆಯಂತೆ ಕಂಡಿತು.

ಪಟಾಲಮ್ಮ ಮೊದಲು ಕಂಡಳು. ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವಳ ಭುಜ ಕುಲುಕಿದ್ದು ಪಕ್ಕದವಳಿಗೆ ದಾಟಿತು. ನಯನಾ ತಲೆ ತಗ್ಗಿಸಿ ತುಳಸಿಯನ್ನೇ ನೋಡತೊಡಗಿದಳು. ಒಳಗೆ ರಾಜ ನೀರು ಹೊತ್ತು ಬಂದು ರಾಣಿಯ ಮುಂದೆ ನಿಂತಿದ್ದಾನೆ. ಬಾಯಾರಿ ಗಂಟಲು ಒಣಗಿ ದನಿಯೇ ಹೊರಡುತ್ತಿಲ್ಲ ಅವನಿಗೆ. ಅವಳು ಕಣ್ಣು ತೆರೆಯಳು, ಇವನಿಗೆ ಕರೆಯಲು ದನಿಯಿಲ್ಲ. ಹೊರಗೆ ಚಿಕ್ಕಬೈರಪ್ಪ ಬಿಂದಿಗೆ ಹೊತ್ತು ನಿಂತಿದ್ದಾನೆ. ಸೊಣ್ಣಮ್ಮನ ಹೊಟ್ಟೆಯೊಳಗಿನಿಂದ ಅಳುವೋ ನಗುವೋ ಯಾವುದೋ ಒಂದು ಮೇಲೆ ಬರುತ್ತಿತ್ತು. ಯಾವುದೆಂದು ಬಿಡಿಸಿ ನೋಡಲು ಅವಳಿಗೆ ಧೈರ್ಯವಿರಲಿಲ್ಲ.

ಎಲ್ಲರ ಕಣ್ಣೂ ತನ್ನ ಹೆಗಲಾಚೆಗೆ ಹೋಗುತ್ತಿರುವುದನ್ನು ಗಂಗರತ್ನಮ್ಮ ಗಮನಿಸಿದರು. ಹಾಡುತ್ತಲೇ ಮೆಲ್ಲಗೆ ಹಿಂತಿರುಗಿ ನೋಡಿದರು. ಚಿಕ್ಕಬೈರಪ್ಪ ಕಿವಿ ಕಿತ್ತುಕೊಂಡು, ಬಿಂದಿಗೆಯೊಂದಿಗೇ ನಮಸ್ಕಾರ ಮಾಡಲು ಹೋಗಿ, ಆಗದೆ, ತಲೆಯನ್ನಷ್ಟೇ ಬಾಗಿಸಿದ.

ಸೊಣ್ಣಮ್ಮ, ಧ್ವನಿ ನಿಂತುಹೋಗುತ್ತದೆ ಎಂದುಕೊಂಡಳು.

ನಿಲ್ಲಲಿಲ್ಲ. ಗಂಗರತ್ನಮ್ಮನ ತುಟಿಯ ಒಂದು ಕೊನೆ ಮೇಲೆ ಎದ್ದಿತು. ಆ ನಗುವನ್ನು ಅವರು ಹಾಗೆಯೇ ಪದದೊಳಗೆ ತಂದುಕೊಂಡರು, ರಾಜನ ಗಂಟಲಿಗೆ ದನಿ ಮರಳಿತು, ರಾಗ ಹೊರಳಿತು, ಒಂದು ವರ್ಷದಿಂದ ಕಾಡಿನ ನೆರಳಲ್ಲಿದ್ದದ್ದು ಬಿಸಿಲಿಗೆ ಬಂದಂತಾಯಿತು:

ಸೇರಿ ನಿಂದನು ತಂದ ನೀರನು
ತೋರಿ ಕರೆದನು ಕಣ್ಣ ತೆರೆಯೆಲೆ
ನೀರೆ ಬಂದೆನು ಎನಲು ಕಾನನವೆಲ್ಲ ಹೂವಾಯ್ತು

ಕೊನೆಯ ಅಕ್ಷರವನ್ನು ಅವರು ಎಳೆದು, ಇಳಿಸಿ, ನೆಲಕ್ಕೆ ಮುಟ್ಟಿಸಿ ಬಿಟ್ಟರು. ಜರೀಗಿಡದಿಂದ ನೀರಿನ ಹನಿಯೊಂದು ಬಿತ್ತು.

"ರಾಜ ಬಂದ," ಎಂದರು ಗಂಗರತ್ನಮ್ಮ. "ಇನ್ ಬಾಗ್ಲು ತಗಿ ಸೊಣ್ಣಮ್ಮ. ಎಷ್ಟೊತ್ತು ಬಿಂದ್ಗೆ ಒತ್ಕೊಂಡ್ ನಿಂತ್ಕೋತಾನೆ ಪಾಪ."

ಆಗ ಒಡೆಯಿತು ನಗು. ಪಟಾಲಮ್ಮ ತನ್ನ ಆರ್ಕಿಡ್ ಹೂವಿನ ಸ್ಟೇಜಿನಿಂದ ಪಕ್ಕದವಳ ಮಡಿಲಿಗೇ ಉರುಳಿದಳು. ಸೊಣ್ಣಮ್ಮ ಕಣ್ಣು ಒರೆಸಿಕೊಳ್ಳುತ್ತ, ನಗುತ್ತ, ಎದ್ದು ಹೋಗಿ ಹಿಡಿಯನ್ನು ಒತ್ತಿದಳು. ಬೆಣ್ಣೆಯೊಳಗೆ ಬೆರಳಿಟ್ಟಷ್ಟು ಹಗುರವಾಗಿ ಇಳಿಯಿತು.

ಬಾಗಿಲು ತೆರೆದದ್ದೇ ಟೈಲ್ಸ್ ಮಿಷನ್ನಿನ ಕಿರುಚಾಟ ಮುಖಕ್ಕೆ ಬಡಿಯಿತು. ಹೆಂಗಸರೆಲ್ಲ ಕಿವಿ ಮುಚ್ಚಿಕೊಂಡರು. ಈಗ ಶುರು ಮಾಡಿದರೇನು ಎಂದು ನಯನಾ ಕೇಳಿದಳು. ಬೆಳಿಗ್ಗೆಯಿಂದ ಒಂದು ಗಳಿಗೆಯೂ ನಿಂತಿಲ್ಲ, ನಾನು ನಿಂತಷ್ಟು ಹೊತ್ತೂ ಅದು ನನ್ನ ತಲೆ ಕೊಯ್ಯುತ್ತಿತ್ತು ಎಂದು ಚಿಕ್ಕಬೈರಪ್ಪ ಕೂಗಿ ಹೇಳಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಗರತ್ನಮ್ಮ ಆ ಸದ್ದಿನ ಕಡೆಗೆ ತಲೆ ವಾಲಿಸಿ ಸ್ವಲ್ಪ ಹೊತ್ತು ಕೇಳಿದರು. ಅಷ್ಟನ್ನೂ ಮೀರಿ ತನ್ನ ಧ್ವನಿ ಹಿಂದಿನ ಸಾಲಿನವರೆಗೆ ಹೋಗಿತ್ತಲ್ಲ ಎಂದು ಲೆಕ್ಕ ಹಾಕುತ್ತಿರುವವರಂತೆ ಕಂಡರು.

ಚಿಕ್ಕಬೈರಪ್ಪ ಬಿಂದಿಗೆಯನ್ನು ದೇವರ ಮುಂದೆ ಇಳಿಸಿ, ಮರಗಟ್ಟಿದ ಕೈಗಳನ್ನು ಕೊಡವಿದ. ಹೆಂಡತಿಯ ಕಡೆ ತಿರುಗಿ ದೂರು ಹೇಳುವ ಧಾಟಿಯಲ್ಲಿ ಹೇಳಿದ.

"ಕಿವಿ ಇಟ್ಕಂಡ್ ನಿಂತ್ಕಂಡೆ ಕಣೆ. ಒಂದ್ ಅಕ್ಸರಾನೂ ಕೇಳಿಸ್ಲಿಲ್ಲ."

ಸೊಣ್ಣಮ್ಮನಿಗೆ ಅವನ ಆ ಮಾತು ಕೇಳಿ ಅಷ್ಟೂ ಜನರ ಮುಂದೆ ಅವನ ಕೆನ್ನೆ ಹಿಂಡಬೇಕೆನಿಸಿತು. "ಅದೇ ಮತ್ತೆ," ಎಂದಳು. "ಅಷ್ಟು ಚೆನ್ನಾಗ್ ಕೂರ್ಸಿದೀರ."

ಅವನಿಗೆ ಅರ್ಥವಾಗಲು ಎರಡು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಮೀಸೆ ಒರೆಸಿಕೊಂಡ, ಅದರಲ್ಲಿ ಪಾನಕ ಇಲ್ಲದಿದ್ದರೂ.

ಮಂಗಳಾರತಿಯಾಯಿತು, ಪಾನಕ ಕೋಸಂಬರಿ ಹಂಚಿದ್ದಾಯಿತು. ಕೀಲಿಗೊಂಚಲನ್ನು ಸೊಣ್ಣಮ್ಮ ಕಣ್ಣಿಗೊತ್ತಿಕೊಂಡು ಗಂಡನ ಸೊಂಟಕ್ಕೆ ತಾನೇ ಸಿಕ್ಕಿಸಿದಳು. ಯಾರಿಗೂ ಏಳುವ ಮನಸ್ಸಿರಲಿಲ್ಲ. ಗಂಗರತ್ನಮ್ಮ ಎರಡು ಗುಟುಕು ಬೆಚ್ಚಗಿನ ನೀರು ಕುಡಿದು, ಹೊಸಿಲ ಬಳಿಯೇ ನಿಂತಿದ್ದ ಚಿಕ್ಕಬೈರಪ್ಪನನ್ನು ಕರೆದರು. ಇಷ್ಟು ವರ್ಷ ಪದದ ಹೊತ್ತಿಗೆ ತಪ್ಪಿಸಿಕೊಂಡು ತಿರುಗಿದೆ, ಇವತ್ತು ಬಾಗಿಲಲ್ಲೇ ಕಾದು ನಿಂತವನಿಗೆ ಕೇಳಿಸದೆ ಕಳಿಸಿದರೆ ನನ್ನ ಅಪ್ಪ ಮೆಚ್ಚುವುದಿಲ್ಲ, ಕೂತುಕೋ ಎಂದರು. ಡಾಕ್ಟರು ಸ್ವಲ್ಪವೇ ಎಂದಿದ್ದಾರೆ ಎಂದು ನಯನಾ ನೆನಪಿಸಿದಳು. ಇದು ಸ್ವಲ್ಪವೇ, ರಾಜ ಬರುವುದಷ್ಟೇ ಎಂದರು ಅವರು.

ಚಿಕ್ಕಬೈರಪ್ಪ ಚಾಪೆಯ ಅಂಚಿನಲ್ಲಿ, ಮೊದಲ ದಿನ ಶಾಲೆಗೆ ಬಂದವನಂತೆ ಕೂತ.

ಸೊಣ್ಣಮ್ಮ ಬಾಗಿಲನ್ನು ಎಳೆದುಕೊಂಡಳು. ಹೊಸ ಹಿಡಿಯ ಮೇಲೆ ಪಾನಕದ ಬೆರಳಿನ ಗುರುತು ಅಂಟಿತ್ತು. ಸೆರಗಿನ ತುದಿಯನ್ನು ನೀರಿಗೆ ಅದ್ದಿ, ಒದ್ದೆ ಬಟ್ಟೆಯೊಂದು ಸಾಕು ಎಂದಿದ್ದನಲ್ಲ ಪಾಷಾ, ಒಂದೇ ಸಲ, ಮೃದುವಾಗಿ ಒರೆಸಿದಳು. ಆಮೇಲೆ ಮೇಲಕ್ಕೆತ್ತಿದಳು.

ಟಕ್ ಎಂದಿತು.